ಎಲೆಕ್ಷನ್‌ಗೆ ಅಂತ ಕೊಟ್ಟ ದುಡ್ಡು ವಕೀಲರ ಫೀಸಿಗೆ ಹೋಗಬಹುದಾ?

ಬಳ್ಳಾರಿ ಕಡೆಯವರಿಗೆ ರಾಜಕೀಯ ಬೇರೆ ಕೋರ್ಟು ಬೇರೆ ಅಂತ ಅನ್ನಿಸೋದು ಬಿಟ್ಟು ಬಹಳ ವರ್ಷ ಆಯ್ತು. ರಾಜಕಾರಣಿಗಳೂ ಆರೋಪಿಗಳಾಗಿದ್ದ ಓಬಳಾಪುರಂ ಅಕ್ರಮ ಗಣಿ ಕೇಸನ್ನೇ ನೋಡ್ರಿ, ಸಿಬಿಐ ಎಫ್‌ಐಆರ್ ಹಾಕಿದ್ದು 2009ರ ಡಿಸೆಂಬರ್‌ನಲ್ಲಿ, ಹೈದರಾಬಾದ್‌ನ ಸಿಬಿಐ ಕೋರ್ಟು ತೀರ್ಪು ಕೊಟ್ಟಿದ್ದು 2025ರ ಮೇ 6ಕ್ಕೆ. ಆ ನಡುವೆ ನಾವು 2013, 2018, 2023 ಅಂತ ಮೂರು ವಿಧಾನಸಭೆ ಎಲೆಕ್ಷನ್ ಮುಗಿಸಿದ್ವಿ. ಯಾವುದೇ ಪಾರ್ಟಿಯ ಯಾವುದೇ ಲೀಡರ್ ಇರಲಿ, ಇಷ್ಟು ದೀರ್ಘ ಕೇಸು ಅಂದ್ರೆ ಜಾಮೀನು ಅರ್ಜಿಗೆ ಒಬ್ಬ ವಕೀಲ, ಹೈಕೋರ್ಟಿಗೆ ಇನ್ನೊಬ್ಬ, ದಿಲ್ಲಿಗೆ ಹೋದ್ರೆ ಸೀನಿಯರ್, ಅವರ ಕೈಕೆಳಗಿನ ಜೂನಿಯರ್, ಪ್ರತಿ ಡೇಟಿಗೂ ಫೀಸು. ಈ ಬಿಲ್ಲು ಯಾರು ಕಟ್ತಾರೆ ಅನ್ನೋ ಪ್ರಶ್ನೆ ನಮ್ಮಲ್ಲಿ ಯಾರೂ ಕೇಳೋದಿಲ್ಲ. ಸ್ವಂತ ದುಡ್ಡಲ್ಲಿ ಕಟ್ಟಿದ್ರೆ ಅದು ಅವರಿಗೆ ಬಿಟ್ಟಿದ್ದು. ಆದ್ರೆ ಜನ ಎಲೆಕ್ಷನ್‌ಗೆ ಅಂತ ಕೊಟ್ಟ ದೇಣಿಗೆ ಆ ಬಿಲ್ಲಿಗೆ ಹೋದ್ರೆ?

ಅಮೆರಿಕದಲ್ಲಿ ಇದು ಐವತ್ತು ವರ್ಷದಿಂದ ನಡೀತಿರೋ ಜಗಳ. ನಮ್ಮಲ್ಲಿ ಜಗಳ ಆಗೋಕೆ ಬೇಕಾದ ಲೆಕ್ಕವೇ ಹೊರಗೆ ಬರೋದಿಲ್ಲ, ಅದೇ ನನ್ನ ತಕರಾರು.

ಮೊದಲು ನಮ್ಮ ಹಳೇ ಕಥೆ ಹೇಳ್ತೀನಿ. ಲೀಡರ್ ಕೇಸಿಗೆ ಜನ ದುಡ್ಡು ಕೂಡಿಸೋದು ಈ ದೇಶಕ್ಕೆ ಹೊಸದಲ್ಲ, ಮತ್ತೆ ಅದು ನಾಚಿಕೆ ವಿಷಯಾನೂ ಆಗಿರಲಿಲ್ಲ. 1897ರಲ್ಲಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಕೇಸು ಬಿದ್ದಾಗ ದೂರದ ಕಲ್ಕತ್ತಾದಲ್ಲಿ ಹಣ ಕೂಡಿಸಿದ್ರು, ಅದರಲ್ಲಿ ರವೀಂದ್ರನಾಥ ಠಾಗೋರರೂ ಕೈ ಜೋಡಿಸಿದ್ರು. ಮುಂದೆ ತಿಲಕರೇ ವ್ಯಾಲೆಂಟೈನ್ ಚಿರೋಲ್ ಅನ್ನೋ ಬ್ರಿಟಿಷ್ ಪತ್ರಕರ್ತನ ಮೇಲೆ ಲಂಡನ್‌ನಲ್ಲಿ ಮಾನನಷ್ಟ ಕೇಸು ಹಾಕಿ 1919ರಲ್ಲಿ ಸೋತರು, ಖರ್ಚಿನ ಹೊರೆ ಎಷ್ಟಿತ್ತು ಅಂದ್ರೆ ಅದನ್ನ ಇಳಿಸೋಕೆ ಸಾರ್ವಜನಿಕರಿಂದಾನೇ ನಿಧಿ ಎತ್ತಬೇಕಾಯ್ತು. 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜ್‌ನ ಶಾ ನವಾಜ್ ಖಾನ್, ಸಹಗಲ್, ಧಿಲ್ಲೋನ್ ಮೇಲೆ ವಿಚಾರಣೆ ಶುರುವಾದಾಗ ಕಾಂಗ್ರೆಸ್ಸು ಅದಕ್ಕಂತಾನೇ ಒಂದು ಡಿಫೆನ್ಸ್ ಕಮಿಟಿ ಮಾಡ್ತು, ಭೂಲಾಭಾಯಿ ದೇಸಾಯಿ ವಾದ ಮಾಡಿದ್ರು, ನೆಹರೂ ಎಷ್ಟೋ ವರ್ಷದ ನಂತರ ಮತ್ತೆ ವಕೀಲರ ಗೌನ್ ಹಾಕಿಕೊಂಡು ಬಂದ್ರು. ಜನ ದುಡ್ಡು ಕೊಟ್ಟಾಗ ಅವರಿಗೆ ಗೊತ್ತಿತ್ತು, ಇದು ಈ ಹುಡುಗರ ಕೇಸಿಗೆ ಅಂತ. ನಿಧಿಯ ಉದ್ದೇಶ ನಿಧಿಯ ಹೆಸರಲ್ಲೇ ಇತ್ತು.

ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಪಟ್ಟಿ ಎತ್ತಿದಾಗ ಇದೇ ಲೆಕ್ಕ ನಡೆಯೋದು. ತೇರಿನ ಗಾಲಿ ರಿಪೇರಿಗೆ ಅಂತ ಎತ್ತಿದ ಪಟ್ಟಿಯಲ್ಲಿ ಕಮಿಟಿಯವರು ತಮ್ಮ ಹೊಲದ ತಕರಾರಿನ ಕೋರ್ಟ್ ಖರ್ಚು ತೆಗೆದ್ರೆ ಊರು ಸುಮ್ಮನೆ ಇರ್ತದಾ? ಕಟ್ಟೆ ಮೇಲೆ ಕೂರಿಸಿ ಲೆಕ್ಕ ಕೇಳ್ತಾರೆ. ಅದೇ ಜನ ಎಲೆಕ್ಷನ್ ದೇಣಿಗೆ ವಿಷಯಕ್ಕೆ ಬಂದ್ರೆ ಕೊಟ್ಟಲ್ಲಿಗೇ ಮುಗೀತು ಅಂತ ಬಿಡ್ತಾರೆ.

ಈಗ ಅಮೆರಿಕಕ್ಕೆ ಬರೋಣ. 1972ರ ಜೂನ್ 17ಕ್ಕೆ ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧ ಪಕ್ಷದ ಆಫೀಸಿಗೆ ನುಗ್ಗಿದ ಐದು ಜನ ಸಿಕ್ಕಿಬಿದ್ರಲ್ಲ, ಆಮೇಲೆ ಆಗಿನ ಅಧ್ಯಕ್ಷ ನಿಕ್ಸನ್ ಕಡೆಯವರು ಎಲೆಕ್ಷನ್‌ಗೆ ಕೂಡಿಸಿದ್ದ ದುಡ್ಡಲ್ಲೇ ಒಂದು ಪಾಲು ತೆಗೆದು ಈ ಆರೋಪಿಗಳ ವಕೀಲರ ಫೀಸಿಗೆ, ಅವರ ಮನೆ ಖರ್ಚಿಗೆ, ಒಟ್ಟಲ್ಲಿ ಅವರ ಬಾಯಿ ಮುಚ್ಚಿಸೋಕೆ ಗುಟ್ಟಾಗಿ ಹಂಚಿದ್ರು. ಆ ಹಗರಣ ಬಯಲಾಗಿದ್ದಕ್ಕೇ 1974ರಲ್ಲಿ ಕಾನೂನು ಬಿಗಿ ಮಾಡಿ, ಎಲೆಕ್ಷನ್ ದುಡ್ಡಿನ ಮೇಲೆ ಕಣ್ಣಿಡೋಕೆ ಫೆಡರಲ್ ಎಲೆಕ್ಷನ್ ಕಮಿಷನ್ ಅಂತ ಬೇರೆ ಸಂಸ್ಥೆ ಮಾಡಿದ್ರು. 1979ರಲ್ಲಿ ಇನ್ನೊಂದು ತಿದ್ದುಪಡಿ ಬಂತು, ಉಳಿದ ಪ್ರಚಾರದ ಹಣ ಸ್ವಂತಕ್ಕೆ ಬಳಸಬಾರದು ಅಂತ. ಆದ್ರೆ ಆ ಕಾನೂನು ಮಾಡಿದವರು ತಮಗೆ ತಾವೇ ವಿನಾಯ್ತಿ ಕೊಟ್ಕೊಂಡ್ರು, 1980ರ ಜನವರಿ 8ಕ್ಕೆ ಸಂಸತ್ತಲ್ಲಿ ಇದ್ದವರಿಗೆ ಈ ನಿಯಮ ಇಲ್ಲ ಅಂತ! ಆ ಬಾಗಿಲು ಮುಚ್ಚೋಕೆ 1989ರಲ್ಲಿ ಮತ್ತೊಂದು ಕಾನೂನೇ ಬೇಕಾಯ್ತು.

ಹಂಗಾದ್ರೆ ಸ್ವಂತದ ಖರ್ಚು ಯಾವುದು, ಎಲೆಕ್ಷನ್ ಖರ್ಚು ಯಾವುದು? 1995ರಲ್ಲಿ ಅಲ್ಲಿನ ಕಮಿಷನ್ ಒಂದು ಅಳತೆ ಇಟ್ಟಿತು, 2002ರಲ್ಲಿ ಅದು ಕಾನೂನಿಗೇ ಸೇರಿತು. ಅಳತೆ ಸರಳ ಇದೆ. ಈ ಮನುಷ್ಯ ಎಲೆಕ್ಷನ್‌ಗೆ ನಿಲ್ಲದೇ ಇದ್ದಿದ್ರೂ, ಅಧಿಕಾರದಲ್ಲಿ ಇಲ್ಲದೇ ಇದ್ದಿದ್ರೂ ಈ ಖರ್ಚು ಬರ್ತಿತ್ತಾ? ಬರ್ತಿತ್ತು ಅಂದ್ರೆ ಅದು ಅವನ ಸ್ವಂತದ್ದು, ಪ್ರಚಾರದ ಹಣ ಮುಟ್ಟಬಾರದು. ಮನೆ ಕಂತು, ಬಟ್ಟೆ, ಮಕ್ಕಳ ಕಾಲೇಜು ಫೀಸು ಇದಕ್ಕೆಲ್ಲ ಯಾರಿಗೂ ಗೊಂದಲ ಇಲ್ಲ. ವಕೀಲರ ಫೀಸು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ತದೆ. ವೋಟು ಮರು ಎಣಿಕೆ ಕೇಸು ಎಲೆಕ್ಷನ್‌ದೇ ಖರ್ಚು, ಗಂಡ ಹೆಂಡತಿ ಡೈವೋರ್ಸ್ ಕೇಸು ಅಲ್ಲ, ಆದ್ರೆ ಇವೆರಡರ ನಡುವೆ ಬರೋ ಕೇಸುಗಳೇ ಜಾಸ್ತಿ. ಅದಕ್ಕೇ ಕಮಿಷನ್ ಒಂದೊಂದು ಕೇಸನ್ನೂ ಬೇರೆ ಬೇರೆ ನೋಡಿ ಹೇಳ್ತದೆ.

ಲ್ಯಾರಿ ಕ್ರೇಗ್ ಕೇಸು ಇದಕ್ಕೆ ಒಳ್ಳೇ ಉದಾಹರಣೆ. ಐಡಾಹೋ ರಾಜ್ಯದ ಸೆನೆಟರ್, 2007ರಲ್ಲಿ ಮಿನಿಯಾಪೊಲಿಸ್ ಏರ್‌ಪೋರ್ಟಿನ ಶೌಚಾಲಯದಲ್ಲಿ ಅಸಭ್ಯ ವರ್ತನೆ ಅಂತ ಪೊಲೀಸರು ಹಿಡಿದ್ರು, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಆಮೇಲೆ ಆ ತಪ್ಪೊಪ್ಪಿಗೆ ವಾಪಸ್ ತಗೊಳ್ಳೋಕೆ ಹೋರಾಡಿದ, ಆ ಹೋರಾಟಕ್ಕೆ ಪ್ರಚಾರದ ಖಾತೆಯಿಂದ ಸುಮಾರು 2 ಲಕ್ಷ ಡಾಲರ್ ತೆಗೆದ. ಅವನ ವಾದ ಏನು ಅಂದ್ರೆ ನಾನು ಸೆನೆಟ್ ಕೆಲಸದ ಮೇಲೆ ಪ್ರಯಾಣ ಮಾಡ್ತಿದ್ದೆ, ಹಂಗಾಗಿ ಇದು ಅಧಿಕಾರಕ್ಕೆ ಸೇರಿದ ಖರ್ಚು. ಕೋರ್ಟು ಒಪ್ಪಲಿಲ್ಲ. ನಿನ್ನ ಮೇಲಿನ ಆರೋಪಕ್ಕೂ ನಿನ್ನ ಹುದ್ದೆಗೂ ಸಂಬಂಧ ಇಲ್ಲ ಅಂತ ಹೇಳಿ ದಂಡ ಸೇರಿಸಿ ಸುಮಾರು 2 ಲಕ್ಷ 42 ಸಾವಿರ ಡಾಲರ್ ಸರ್ಕಾರದ ಖಜಾನೆಗೆ ಕಟ್ಟಿಸ್ತು, 2016ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಪ್ರಯಾಣ ಯಾಕೆ ಅನ್ನೋದು ಕೋರ್ಟಿಗೆ ಮುಖ್ಯ ಆಗಲಿಲ್ಲ, ಆರೋಪ ಯಾವುದರ ಬಗ್ಗೆ ಅನ್ನೋದು ಮುಖ್ಯ ಆಯ್ತು. ನನಗೆ ಇದು ಬಹಳ ಸರಿ ಅನ್ನಿಸ್ತದೆ.

ಇನ್ನೊಂದು ದಾರೀನೂ ಅಲ್ಲಿದೆ. ಕೇಸಿಗೆ ಅಂತಾನೇ ಬೇರೆ ನಿಧಿ ತೆಗೀಬಹುದು, ಕೊಟ್ಟವರ ಹೆಸರು ಬಹಿರಂಗ ಮಾಡಬೇಕು, ಕೆಳಮನೆಯ ಸದಸ್ಯರಿಗೆ ಒಬ್ಬ ದಾನಿ ವರ್ಷಕ್ಕೆ 5,000 ಡಾಲರ್ ಮೀರಿ ಕೊಡಂಗಿಲ್ಲ. ಅಧ್ಯಕ್ಷರಾಗಿದ್ದಾಗ ಬಿಲ್ ಕ್ಲಿಂಟನ್ ಕೂಡ 1994ರಲ್ಲಿ ಇಂಥದ್ದೊಂದು ಟ್ರಸ್ಟ್ ಮಾಡಿಕೊಂಡಿದ್ರು.

ಆದ್ರೆ ಕಾನೂನಲ್ಲಿ ಒಂದು ಕಿಂಡಿ ಉಳಿದಿತ್ತು. ಈ ಎಲ್ಲ ನಿರ್ಬಂಧ ಕ್ಯಾಂಡಿಡೇಟ್‌ನ ಪ್ರಚಾರ ಸಮಿತಿಯ ಹಣಕ್ಕೆ, ರಾಜಕಾರಣಿಗಳು ಬೇರೆಯಾಗಿ ನಡೆಸೋ ಲೀಡರ್‌ಶಿಪ್ ಪ್ಯಾಕ್ ಅನ್ನೋ ನಿಧಿಗಳಿಗೆ ಆ ಕಮಿಷನ್ ಇದನ್ನ ಅನ್ವಯಿಸಿಲ್ಲ. 2020ರ ನವೆಂಬರ್‌ನಲ್ಲಿ ಸೋತ ಮೇಲೆ ಡೊನಾಲ್ಡ್ ಟ್ರಂಪ್ ಕಡೆಯವರು ಸೇವ್ ಅಮೆರಿಕ ಅಂತ ಅಂಥದ್ದೇ ಒಂದು ತೆಗೆದ್ರು. ಎಲೆಕ್ಷನ್ ಮೋಸದ ವಿರುದ್ಧ ಹೋರಾಡ್ತೀವಿ, ಎಲೆಕ್ಷನ್ ಡಿಫೆನ್ಸ್ ಫಂಡಿಗೆ ಕೊಡ್ರಿ ಅಂತ ಬೆಂಬಲಿಗರಿಗೆ ಮೇಲಿಂದ ಮೇಲೆ ಇಮೇಲ್ ಹೋದ್ವು. ಎಲೆಕ್ಷನ್ ದಿನದಿಂದ 2021ರ ಜನವರಿ 6ರ ತನಕ ಹಿಂಗೆ ಸುಮಾರು 25 ಕೋಟಿ ಡಾಲರ್ ಎತ್ತಿದ್ರು ಅಂತಾನೂ, ಆ ಹೆಸರಿನ ಫಂಡೇ ಇರಲಿಲ್ಲ ಅಂತಾನೂ, ಆ ಜನವರಿ 6ಕ್ಕೆ ಸಂಸತ್ ಭವನದ ಮೇಲೆ ನಡೆದ ದಾಳಿಯ ತನಿಖೆ ಮಾಡಿದ ಅಲ್ಲಿನ ಸಂಸತ್ ಸಮಿತಿ ಹೇಳ್ತು. ಆಮೇಲೆ ಟ್ರಂಪ್ ಮೇಲೆ, ಅವರ ಸುತ್ತಲಿನವರ ಮೇಲೆ ಕೇಸುಗಳು ಸಾಲಾಗಿ ಬಂದಾಗ ಸೇವ್ ಅಮೆರಿಕದ ದುಡ್ಡು ವಕೀಲರ ಕಡೆ ತಿರುಗ್ತು, 2023ರ ಒಂದೇ ವರ್ಷದಲ್ಲಿ ಹೋಗಿದ್ದು 5 ಕೋಟಿ ಡಾಲರ್ ಆಸುಪಾಸು. ಅಷ್ಟೂ ಸಾಲದೆ 2022ರಲ್ಲಿ ಇನ್ನೊಂದು ಬೆಂಬಲಿಗರ ನಿಧಿಗೆ ಕೊಟ್ಟಿದ್ದ 6 ಕೋಟಿ ಡಾಲರನ್ನ ಕಂತು ಕಂತಲ್ಲಿ ವಾಪಸ್ ತರಿಸಿಕೊಂಡ್ರು. ಬೆಂಬಲಿಗರು ಇದು ನಮ್ಮ ಲೀಡರನ್ನ ರಾಜಕೀಯವಾಗಿ ಮುಗಿಸೋ ಕೇಸು, ನಮ್ಮ ದುಡ್ಡು ಸರಿಯಾದ ಜಾಗಕ್ಕೇ ಹೋಗಿದೆ ಅಂದ್ರು, ಆ ಮಾತನ್ನ ನಾನು ತಳ್ಳಿಹಾಕೋದಿಲ್ಲ. ಆದ್ರೆ ಆನ್‌ಲೈನಲ್ಲಿ ಇಪ್ಪತ್ತು ಮೂವತ್ತು ಡಾಲರ್ ಕೊಟ್ಟ ನಿವೃತ್ತ ನೌಕರನಿಗೆ ಪಾಲು ಹೆಂಗೆ ಹಂಚ್ತಾರೆ ಅನ್ನೋದು ಕೆಳಗಡೆ ಸಣ್ಣ ಅಕ್ಷರದಲ್ಲಿ ಮಾತ್ರ ಇತ್ತು. ಆದರೂ ಒಂದು ಮಾತು ಒಪ್ಪಬೇಕು, ಯಾವ ಲಾ ಫರ್ಮಿಗೆ ಎಷ್ಟು ಹೋಯ್ತು ಅನ್ನೋದು ಕಮಿಷನ್‌ಗೆ ಕೊಟ್ಟ ಲೆಕ್ಕದಲ್ಲಿ ಇತ್ತು, ಬಳ್ಳಾರಿಯಲ್ಲಿ ಕೂತ ನಾನೂ ಮೊಬೈಲ್‌ನಲ್ಲಿ ತೆಗೆದು ನೋಡಬಹುದಿತ್ತು.

ನಮ್ಮ ಲೆಕ್ಕ ಹೆಂಗಿದೆ ನೋಡೋಣ. ಕ್ಯಾಂಡಿಡೇಟ್‌ಗೆ ಎಲೆಕ್ಷನ್ ಕಮಿಷನ್ ಒಂದು ರಿಜಿಸ್ಟರ್ ಕೊಡ್ತದೆ, ದಿನದ ಖರ್ಚಿಗೆ ಬಿಳಿ ಹಾಳೆ, ನಗದು ಲೆಕ್ಕಕ್ಕೆ ಗುಲಾಬಿ ಹಾಳೆ, ಬ್ಯಾಂಕ್ ಲೆಕ್ಕಕ್ಕೆ ಹಳದಿ ಹಾಳೆ. ಶಾಮಿಯಾನ, ಕುರ್ಚಿ, ಮೈಕ್ ಸೆಟ್, ಕ್ರೂಸರ್ ಗಾಡಿ ಬಾಡಿಗೆ, ಟೀ, ವಗ್ಗರಣಿ ಮಿರ್ಚಿ ಎಲ್ಲದಕ್ಕೂ ಜಿಲ್ಲಾಡಳಿತದ ರೇಟ್ ಚಾರ್ಟ್ ಇರ್ತದೆ, ಕ್ಯಾಂಡಿಡೇಟ್ ಕಡಿಮೆ ಬರೆದ್ರೆ ಅಬ್ಸರ್ವರ್ ಕಡೆಯವರ ಶ್ಯಾಡೋ ರಿಜಿಸ್ಟರ್‌ನಲ್ಲಿ ಬೇರೆ ಅಂಕಿ ಇರ್ತದೆ, ತಾಳೆ ಹಾಕ್ತಾರೆ. ಇಷ್ಟು ನಿಗಾ ಇರೋ ರಿಜಿಸ್ಟರ್‌ಗೆ ಒಂದು ಗೆರೆ ಇದೆ. ಜನಪ್ರಾತಿನಿಧ್ಯ ಕಾಯ್ದೆ 1951ರ 77ನೇ ಸೆಕ್ಷನ್ ಪ್ರಕಾರ ಲೆಕ್ಕ ಶುರುವಾಗೋದು ನಾಮಿನೇಷನ್ ದಿನ, ಮುಗಿಯೋದು ರಿಸಲ್ಟ್ ದಿನ. ಅಸೆಂಬ್ಲಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಮಿತಿ ಇರೋದೂ ಆ ಅವಧಿಯ ಖರ್ಚಿಗೇ. ರಿಸಲ್ಟ್ ಬಂದ ಮಾರನೇ ದಿನದಿಂದ ವಕೀಲರಿಗೆ ಎಷ್ಟೇ ಕೊಡ್ರಿ, ಬಿಳಿ ಹಾಳೆಯಲ್ಲೂ ಇಲ್ಲ, ಗುಲಾಬಿಯಲ್ಲೂ ಇಲ್ಲ, ಹಳದಿಯಲ್ಲೂ ಇಲ್ಲ.

ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರವನ್ನ ನೆನಪು ಮಾಡ್ಕೊಳ್ರಿ. 2018ರಲ್ಲಿ ಅಲ್ಲಿ ಪ್ರತಾಪಗೌಡ ಪಾಟೀಲರು ಬಸನಗೌಡ ತುರ್ವಿಹಾಳರ ಮೇಲೆ ಗೆದ್ದಿದ್ದು ಬರೀ 213 ವೋಟಿಂದ. ಸೋತವರು ಹೈಕೋರ್ಟಿಗೆ ಹೋದ್ರು. 2019ರಲ್ಲಿ ಗೆದ್ದವರ ಶಾಸಕ ಸ್ಥಾನ ಹೋದರೂ ಆ ತಕರಾರು ಅರ್ಜಿ ಬಾಕಿ ಇದ್ದಿದ್ದರಿಂದ ಆ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಮಸ್ಕಿ ಸೇರಲೇ ಇಲ್ಲ, ಕೊನೆಗೆ ವೋಟಿಂಗ್ ಆಗಿದ್ದು 2021ರ ಏಪ್ರಿಲ್‌ನಲ್ಲಿ. ಒಂದು ತಾಲೂಕಿನ ಜನ ಅಷ್ಟು ದಿನ ಶಾಸಕರಿಲ್ಲದೆ ಕಾಯಬೇಕಾದಷ್ಟು ದೊಡ್ಡ ವಿಷಯ ಎಲೆಕ್ಷನ್ ಕೇಸು. ರಿಸಲ್ಟ್ ಆಗಿ 45 ದಿನದ ಒಳಗೆ ಅರ್ಜಿ ಹಾಕಬೇಕು, ಠೇವಣಿ ಬರೀ 2,000 ರೂಪಾಯಿ, ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಆಗಬೇಕು ಅಂತ ಕಾಯ್ದೆ ಹೇಳ್ತದೆ. ನಿಜವಾದ ಖರ್ಚು ಠೇವಣಿಯಲ್ಲಿ ಇಲ್ಲ. ರಾಯಚೂರಿನವರು ಕಲಬುರಗಿ ಪೀಠಕ್ಕೆ, ನಾವು ಬಳ್ಳಾರಿ ಕೊಪ್ಪಳದವರು ಧಾರವಾಡ ಪೀಠಕ್ಕೆ ಓಡಾಡಬೇಕು, ಸಾಕ್ಷಿಗಳನ್ನ ಕರ್ಕೊಂಡು ಹೋಗಬೇಕು, ವರ್ಷಗಟ್ಟಲೆ ವಕೀಲರನ್ನ ಇಟ್ಟುಕೊಳ್ಳಬೇಕು. ದುಡ್ಡಿಲ್ಲದ ಕ್ಯಾಂಡಿಡೇಟ್ 213 ವೋಟಲ್ಲಿ ಸೋತ್ರೆ ಜನರ ಹತ್ರ ಕೇಳದೆ ಇನ್ನೆಲ್ಲಿ ಹೋಗ್ತಾನೆ? ಅಂಥವನು ಕೈ ಚಾಚಿದ್ರೆ ನಾನೇ ಮೊದಲು ಕೊಡ್ತೀನಿ. ನನ್ನ ತಕರಾರು ಕೇಳೋದರ ಬಗ್ಗೆ ಅಲ್ಲ, ಒಂದಕ್ಕೆ ಕೇಳಿ ಇನ್ನೊಂದಕ್ಕೆ ಹಾಕೋದರ ಬಗ್ಗೆ.

ಇನ್ನೊಂದು ವಿಚಿತ್ರ ಇದೆ. 2018ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಕ್ರಿಮಿನಲ್ ಕೇಸ್ ಇರೋ ಕ್ಯಾಂಡಿಡೇಟ್ ಆ ಕೇಸುಗಳ ವಿವರಾನ ಪೇಪರ್‌ಗೆ, ಟಿವಿಗೆ ಮೂರು ಸಲ ಜಾಹೀರಾತು ಕೊಡಬೇಕು. ಆ ಜಾಹೀರಾತಿನ ದುಡ್ಡು ಎಲೆಕ್ಷನ್ ಖರ್ಚಿಗೆ ಸೇರ್ತದೆ. ಅಂದ್ರೆ ನನ್ನ ಮೇಲೆ ಕೇಸಿದೆ ಅಂತ ಸಾರೋ ಖರ್ಚಿಗೆ ಲೆಕ್ಕ ಇದೆ, ಆ ಕೇಸು ನಡೆಸೋ ಖರ್ಚಿಗೆ ಯಾರ ದುಡ್ಡು ಹೋಯ್ತು ಅನ್ನೋದಕ್ಕೆ ಇಲ್ಲ.

ವಕೀಲರ ಬಿಲ್ಲನ್ನ ಪಾರ್ಟಿಯೇ ಕಟ್ಟಿದ್ರೆ? ಅಲ್ಲಿ ಇನ್ನೂ ಕತ್ತಲೆ. 1974ರಲ್ಲಿ ಕನ್ವರ್ ಲಾಲ್ ಗುಪ್ತ ಕೇಸಲ್ಲಿ ಸುಪ್ರೀಂ ಕೋರ್ಟ್, ಪಾರ್ಟಿ ಒಬ್ಬ ಕ್ಯಾಂಡಿಡೇಟ್‌ಗೆ ಅಂತ ಮಾಡಿದ ಖರ್ಚನ್ನ ಅವನ ಲೆಕ್ಕಕ್ಕೇ ಹಿಡೀಬೇಕು ಅಂದಿತ್ತು. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನ ಅಳಿಸಿ ಹಾಕ್ತು, ಅದನ್ನ ಸ್ವಲ್ಪ ಮಟ್ಟಿಗೆ ಸರಿ ಮಾಡೋಕೆ 2003ರ ತಿದ್ದುಪಡಿ ಬರಬೇಕಾಯ್ತು. ಪಾರ್ಟಿಗಳು ಕಮಿಷನ್‌ಗೆ 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ಹೆಸರು ಹೇಳಬೇಕು, ವರ್ಷಕ್ಕೊಮ್ಮೆ ಆಡಿಟ್ ಲೆಕ್ಕಾನೂ ಕೊಡಬೇಕು, ಆದ್ರೆ ಅದರಲ್ಲಿ ಕಾನೂನು ಖರ್ಚು ಅಂತ ಒಂದೇ ಸಾಲು ಬಂದ್ರೆ ಅದು ಪಾರ್ಟಿ ಆಫೀಸಿನ ಬಾಡಿಗೆ ತಕರಾರೋ ಒಬ್ಬ ಲೀಡರ್‌ನ ಜಾಮೀನೋ ಯಾರಿಗೂ ತಿಳಿಯೋದಿಲ್ಲ. 2018ರಿಂದ, ಬ್ಯಾಂಕಲ್ಲಿ ಕೊಂಡು ಪಾರ್ಟಿಗೆ ಕೊಡೋ ಎಲೆಕ್ಟೋರಲ್ ಬಾಂಡ್ ಬಂದ ಮೇಲಂತೂ ಕೊಟ್ಟವರು ಯಾರು ಅನ್ನೋದೂ ಹೋಯ್ತು, 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡೋ ಹೊತ್ತಿಗೆ ಮಾರಾಟ ಆಗಿದ್ದು 16,518 ಕೋಟಿ ರೂಪಾಯಿ ಬಾಂಡು. ಪಾರ್ಟಿಗಳು ಆರ್‌ಟಿಐ ಕೆಳಗೆ ಬರ್ತವೆ ಅಂತ 2013ರಲ್ಲೇ ಕೇಂದ್ರ ಮಾಹಿತಿ ಆಯೋಗ ಹೇಳಿತ್ತು, ಅವು ಪಾಲಿಸಲಿಲ್ಲ.

ನಮ್ಮಲ್ಲಿ ವಕೀಲರ ಬಿಲ್ಲು ಒಂದು ಸಲ ಮಾತ್ರ ಬೀದಿಗೆ ಬಂತು ಅಂತ ನನ್ನ ನೆನಪು, ಅದೂ ದೇಣಿಗೆ ವಿಷಯಕ್ಕಲ್ಲ. ಅರುಣ್ ಜೇಟ್ಲಿ ಹಾಕಿದ ಮಾನನಷ್ಟ ಕೇಸಲ್ಲಿ ಆಗಿನ ದಿಲ್ಲಿ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಪರ ವಾದ ಮಾಡಿದ ರಾಮ್ ಜೇಠ್ಮಲಾನಿಯವರ 3.42 ಕೋಟಿ ಬಿಲ್ಲನ್ನ ದಿಲ್ಲಿ ಸರ್ಕಾರ ಕಟ್ಟಬೇಕಾ ಅಂತ 2017ರಲ್ಲಿ ಗಲಾಟೆ ಆಯ್ತು, ಕೊನೆಗೆ ಕೊಡೋಕೆ ಆಗಲಿಲ್ಲ ಅಂದ್ರೆ ಪುಕ್ಕಟೆ ವಾದ ಮಾಡಿದೆ ಅಂದ್ಕೊಳ್ತೀನಿ ಅಂತ ಜೇಠ್ಮಲಾನಿಯವರೇ ಹೇಳಿದ್ರು. ಅವತ್ತು ಆ ಪ್ರಶ್ನೆ ಎದ್ದಿದ್ದು ಬಿಲ್ಲು ಸರ್ಕಾರಿ ಫೈಲಲ್ಲಿ ಇತ್ತು ಅನ್ನೋ ಒಂದೇ ಕಾರಣಕ್ಕೆ. ಪಾರ್ಟಿ ಫೈಲಲ್ಲಿ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.

ಕ್ಯಾಂಡಿಡೇಟ್ ನೇರವಾಗಿ ತಗೊಳ್ಳೋ ದೇಣಿಗೆಗೂ ಒಂದು ಕಾನೂನು ಬೇಕು ಅಂತ ಎ.ಪಿ. ಶಾ ಅವರ ಲಾ ಕಮಿಷನ್ 2015ರ ಮಾರ್ಚ್‌ನಲ್ಲಿ ಕೊಟ್ಟ 255ನೇ ವರದಿಯಲ್ಲಿ ಬರೆದಿದೆ, 77ಎ ಅಂತ ಹೊಸ ಸೆಕ್ಷನ್ ಸೇರಿಸಿ ಯಾರು ಎಷ್ಟು ಕೊಟ್ರು ಅನ್ನೋದನ್ನ ಕ್ಯಾಂಡಿಡೇಟ್ ಹೇಳೋ ಹಂಗೆ ಮಾಡ್ರಿ ಅಂತ. ಹತ್ತು ವರ್ಷ ದಾಟಿದ್ರೂ ಅದು ಕಾಯ್ದೆಗೆ ಸೇರಿಲ್ಲ. ಅದು ಬಂದ ದಿನ ಅದಕ್ಕೆ ಇನ್ನೆರಡು ಸಾಲು ಸೇರಿಸಬೇಕು ಅಂತ ನನ್ನ ಆಸೆ: ಕೇಸಿಗೆ ದುಡ್ಡು ಎತ್ತೋರು ಬೇರೆ ಖಾತೆ ತೆಗೆದು ಬೇರೆ ರಸೀದಿ ಕೊಡಬೇಕು, ಮತ್ತೆ ರಿಸಲ್ಟ್ ಆದ ಮೇಲೆ ಉಳಿದ ದೇಣಿಗೆ ಎಲ್ಲಿಗೆ ಹೋಯ್ತು ಅನ್ನೋದನ್ನ ಬರೆದು ಕೊಡಬೇಕು. ಮುಂದಿನ ಸಲ ಓಣಿಗೆ ಬಂದು ದೇಣಿಗೆ ಕೇಳೋರನ್ನ ಇದೇ ಪ್ರಶ್ನೆ ಕೇಳ್ರಿ, ಕಾನೂನು ಬರೋ ತನಕ ಕಾಯಬೇಕಿಲ್ಲ.