ನೆಗ್ಗಿಲು: ಕಾಲಿಗೆ ಮೊದಲು ಗೊತ್ತಾಗುವ ಗಿಡ

ಪಾವಗಡ, ಶಿರಾ ಕಡೆಯ ಕಡ್ಲೆಕಾಯಿ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿಲಿನ ಪರಿಚಯ ಮಾಡಿಕೊಡಬೇಕಿಲ್ಲ. ಅಂಗಾಲಿಗೇ ಗೊತ್ತು. ಸೈಕಲ್ ಇದ್ದವರಿಗೆ ಟ್ಯೂಬು ಹೇಳಿರುತ್ತದೆ.

ನೆಲಕ್ಕಂಟಿ ಚಾಪೆಯ ಹಾಗೆ ಹರಡುವ ಗಿಡ ಇದು. ಒಂದು ಮಳೆ ಬಿದ್ದರೆ ಸಾಕು, ಬದು, ಬೀಳು, ಕಾಲುದಾರಿ ಎಲ್ಲ ಕಡೆ ಹಬ್ಬುತ್ತದೆ. ಹೂವು ಪುಟ್ಟದು, ಹಳದಿ, ಐದೆಸಳು. ಕಾಯಿ ಒಣಗಿದಾಗ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ. ಹೇಗೇ ಬೀಳಲಿ, ಒಂದು ಮುಳ್ಳು ಮೇಲೆ ನೋಡುತ್ತಲೇ ಇರುತ್ತದೆ.

ತಮಿಳಿನ ನೆರುಂಜಿಲ್ ನಮ್ಮ ನೆಗ್ಗಿಲಿನ ನಂಟ. ಪಾವಗಡದ ತೆಲುಗು ಮಾತಿನವರ ಬಾಯಲ್ಲಿ ಇದು ಪಲ್ಲೇರು. ಸಂಸ್ಕೃತದಲ್ಲಿ ಗೋಕ್ಷುರ. ಕ್ಷುರ ಅಂದರೆ ಕ್ಷೌರದ ಕತ್ತಿ. ದನದ ಕಾಲಿಗೆ ಕತ್ತಿ ಅಂತ ಅರ್ಥ ಮಾಡಬಹುದು. ಶ್ವದಂಷ್ಟ್ರ, ಅಂದರೆ ನಾಯಿಹಲ್ಲು, ಅಂತಲೂ ಕರೆದಿದ್ದಾರೆ. ವಿಜ್ಞಾನದ ಹೆಸರು ಟ್ರಿಬುಲಸ್ ಟೆರೆಸ್ಟ್ರಿಸ್. ಯುದ್ಧದಲ್ಲಿ ಶತ್ರುವಿನ ಕುದುರೆ ಕುಂಟಲಿ ಅಂತ ನೆಲಕ್ಕೆ ಚೆಲ್ಲುತ್ತಿದ್ದ ಕಬ್ಬಿಣದ ಮುಳ್ಳಿಗೂ ಗ್ರೀಕರು ಇದೇ ಹೆಸರು ಹೇಳುತ್ತಿದ್ದರು. ಇಲ್ಲಿ ದನ, ಅಲ್ಲಿ ಕುದುರೆ. ಯಾರಿಗೂ ಹೆಸರಿಡುವಾಗ ಔಷಧಿ ನೆನಪಾಗಲಿಲ್ಲ, ಅಲ್ವಾ?

ಔಷಧಿಗೆ ಬೇಕಾದದ್ದು ಆ ಮುಳ್ಳುಕಾಯಿಯೇ, ಜೊತೆಗೆ ಬೇರು. ಆಯುರ್ವೇದದಲ್ಲಿ ದಶಮೂಲ ಅಂತ ಒಟ್ಟಿಗೆ ಬಳಸುವ ಹತ್ತು ಬೇರುಗಳಲ್ಲಿ ಇದೂ ಒಂದು. ಕಾಯಿ ಜಜ್ಜಿ ಕುದಿಸಿದ ಕಷಾಯವನ್ನು ಉರಿಮೂತ್ರಕ್ಕೆ, ಮೂತ್ರದ ಕಲ್ಲಿಗೆ ಕೊಡುವುದು ಹಳೆಯ ರೂಢಿ. ನೋವಿನ ಜೊತೆ ಜ್ವರವೂ ಇದ್ದರೆ ಕಷಾಯ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಬಸುರಿಯರಂತೂ ಕೇಳದೆ ಕುಡಿಯಬಾರದು. ಈಗ ಜಿಮ್ ಹುಡುಗರ ಡಬ್ಬಿಗಳಲ್ಲೂ ಇದು ಸೇರಿಕೊಂಡಿದೆ, ಗಂಡಸುತನದ ಹಾರ್ಮೋನು ಏರಿಸುತ್ತದೆ ಅಂತ. ಆರೋಗ್ಯವಾಗಿದ್ದ ಗಂಡಸರ ಮೇಲೆ ಮಾಡಿದ ಪ್ರಯೋಗಗಳು ಆ ಮಾತಿಗೆ ಅಷ್ಟೇನೂ ಬೆಂಬಲ ಕೊಟ್ಟಿಲ್ಲ.

ಗ್ರಂಧಿಗೆ ಅಂಗಡಿಯಲ್ಲಿ ಸುಮ್ನೆ 'ನೆಗ್ಗಿಲು ಕೊಡಿ' ಅಂದರೆ ಆನೆನೆಗ್ಗಿಲು ಪೊಟ್ಟಣ ಕಟ್ಟಿಕೊಡಬಹುದು. ಅದು ಬೇರೆಯೇ ಗಿಡ, ಎಳ್ಳಿನ ಕುಟುಂಬದ್ದು. ಅದರ ಹಸಿ ಕೊಂಬೆಯನ್ನು ನೀರಲ್ಲಿ ತಿರುವಿದರೆ ನೀರೆಲ್ಲ ಲೋಳೆಯಾಗುತ್ತದೆ. ಅದನ್ನೂ ಉರಿಮೂತ್ರಕ್ಕೇ ಕೊಡುವುದರಿಂದ ಗೊಂದಲ ಜಾಸ್ತಿ. ಪೊಟ್ಟಣ ಬಿಚ್ಚಿ ನೋಡಿ. ದಪ್ಪ ಇಡೀ ಕಾಯಿ, ಬುಡದ ನಾಲ್ಕು ಮೂಲೆಗೂ ಒಂದೊಂದು ಮುಳ್ಳಿದ್ದರೆ ಆನೆನೆಗ್ಗಿಲು. ಕೈಗೆ ಚುಚ್ಚುವ ಸಣ್ಣ ಹೋಳುಗಳಿದ್ದರೆ ನಮ್ಮ ಹೊಲದ್ದೇ.