ಬಾರಿನಿಂದ ರೇಡಿಯೋಗೆ: ಲೊರೆಟ್ಟಾ ಲಿನ್ ಕಾರಿನಲ್ಲಿ ಸುತ್ತಿದ ದಾರಿ

ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಹಾಡಿಗೂ ಬಾರಿಗೂ ಹಳೇ ನಂಟು. 1933ರಲ್ಲಿ ಅಲ್ಲಿ ಪಾನನಿಷೇಧ ಹೋದ ಮೇಲೆ ಟೆಕ್ಸಾಸ್ ಕಡೆ ಬಾರುಗಳು ಜಾಸ್ತಿಯಾದವು. ಹಾಡು, ಕುಣಿತ ಇರುವ ಇಂಥ ಬಾರುಗಳಿಗೆ ಹಾಂಕಿ ಟಾಂಕ್ ಅಂತಾರೆ. ಅಲ್ಲಿನ ಗದ್ದಲದಲ್ಲಿ ಕೇಳಿಸಲಿ ಅಂತಲೇ ಗಿಟಾರಿಗೆ ಕರೆಂಟ್ ಸೇರಿತು. ಕುಡಿತ, ಮುರಿದ ಸಂಸಾರ, ಒಂಟಿತನ ಹಾಡಿನೊಳಕ್ಕೆ ಬಂದವು.

ಆದರೆ ಬಾರಿನ ಚಪ್ಪಾಳೆ ಆ ಊರು ದಾಟುವುದಿಲ್ಲ. ಊರು ದಾಟಬೇಕಾದರೆ ರೇಡಿಯೋ ಬೇಕು. ದೊಡ್ಡ ರೆಕಾರ್ಡ್ ಕಂಪನಿಯ ಬೆಂಬಲ ಇಲ್ಲದವರು ಅಲ್ಲಿಗೆ ಹೋಗಿದ್ದು ಹೇಗೆ? ನನಗೆ ಮೊದಲು ನೆನಪಾಗುವುದು ಕಂಟ್ರಿ ಗಾಯಕಿ ಲೊರೆಟ್ಟಾ ಲಿನ್.

ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು ಅವರು. 15ನೇ ವಯಸ್ಸಿಗೆ ಮದುವೆ. ಗಂಡನ ಜೊತೆ ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಸಣ್ಣ ಊರಿಗೆ ಹೋದರು. 1953ರಲ್ಲಿ ಗಂಡ ಡೂಲಿಟಲ್ 17 ಡಾಲರಿಗೆ ಹಾರ್ಮನಿ ಕಂಪನಿಯ ಒಂದು ಗಿಟಾರ್ ತಂದುಕೊಟ್ಟರು. ಲೊರೆಟ್ಟಾ ತಾವೇ ನುಡಿಸಿ ನುಡಿಸಿ ಕಲಿತರು. ಮನೆ ತುಂಬ ಮಕ್ಕಳಿದ್ದರೂ ಸುತ್ತಮುತ್ತಲಿನ ಬಾರುಗಳಲ್ಲಿ ಹಾಡತೊಡಗಿದರು. ಅಲ್ಲಿನ ಒಬ್ಬ ಹೆಂಗಸಿನ ದುಃಖ ನೋಡಿ ತಾವೇ ಒಂದು ಹಾಡು ಕಟ್ಟಿದರು: 'ಐ ಆ್ಯಮ್ ಎ ಹಾಂಕಿ ಟಾಂಕ್ ಗರ್ಲ್'.

1960ರಲ್ಲಿ ಕೆನಡಾದ ಜೀರೋ ರೆಕಾರ್ಡ್ಸ್ ಅದನ್ನು ಹೊರತಂದಿತು. ತೀರಾ ಸಣ್ಣ ಕಂಪನಿ, ಪ್ರಚಾರಕ್ಕೆ ದುಡ್ಡಿರಲಿಲ್ಲ. ಗಂಡ ಹೆಂಡತಿ ತಾವೇ ರೆಕಾರ್ಡಿನ ಜೊತೆ ಫೋಟೋ ಇಟ್ಟು ಸ್ಟೇಷನ್ನುಗಳಿಗೆ ಅಂಚೆಯಲ್ಲಿ ಕಳಿಸಿದರು. ಆಮೇಲೆ ಕಾರು ಹತ್ತಿದರು. ದಾರಿಯಲ್ಲಿ ಸಿಕ್ಕ ಸ್ಟೇಷನ್ನಿಗೆಲ್ಲಾ ನುಗ್ಗಿ, ಹಾಡು ಹಾಕಿ ಅಂತ ಕೇಳಿಕೊಂಡರು. ಮಲಗಿದ್ದು ಕಾರಿನಲ್ಲೇ, ಊಟ ಸ್ಯಾಂಡ್‌ವಿಚ್ಚು. ಆ ವರ್ಷವೇ ಹಾಡು ಬಿಲ್‌ಬೋರ್ಡ್ ಎಂಬ ಸಂಗೀತ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು. ಅಕ್ಟೋಬರ್ ಹೊತ್ತಿಗೆ ಅವರು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮದ ವೇದಿಕೆಯಲ್ಲಿದ್ದರು.

ಅವರ ಛಲ ದೊಡ್ಡದು, ನಿಜ. ಜೊತೆಗೆ ಇನ್ನೊಂದು ಮಾತಿದೆ. ಆಗ ಒಂದು ಹಾಡನ್ನು ಹಾಕಬೇಕೋ ಬೇಡವೋ ಅಂತ ಊರಿನ ಸ್ಟೇಷನ್ನಿನಲ್ಲಿ ಹಾಡು ಹಾಕುವ ಡಿಜೆಯೇ ಎಷ್ಟೋ ಕಡೆ ತೀರ್ಮಾನಿಸುತ್ತಿದ್ದರು. ಬಾಗಿಲು ತಟ್ಟಿದರೆ ಅವರೇ ಎದುರಿಗೆ ಸಿಗುತ್ತಿದ್ದರು. ಈ ಪದ್ಧತಿಯಲ್ಲಿ ಕೊಳಕೂ ಇತ್ತು. ದುಡ್ಡು ತಗೊಂಡು ಹಾಡು ಹಾಕುವ 'ಪೇಯೋಲಾ' ಹಗರಣ ಬಯಲಾಗಿ, ಅದೇ 1960ರಲ್ಲಿ ಕಾನೂನು ಬಂತು. ಕೇಳುಗರಿಗೆ ತಿಳಿಸದೆ ಹಣ ಪಡೆದು ಹಾಡು ಹಾಕುವುದು ಅಪರಾಧವಾಯಿತು.

ಹೀಗೆ ಬಾಗಿಲು ತಟ್ಟುವ ದಾರಿಗೆ ನಿಜವಾದ ಏಟು ಬಿದ್ದದ್ದು 1996ರಲ್ಲಿ. ಅಲ್ಲಿಯವರೆಗೆ ಒಂದು ಕಂಪನಿ ದೇಶದಲ್ಲಿ ಹೆಚ್ಚೆಂದರೆ 40 ಸ್ಟೇಷನ್ ಇಟ್ಟುಕೊಳ್ಳಬಹುದಿತ್ತು. ಹೊಸ ದೂರಸಂಪರ್ಕ ಕಾಯ್ದೆ ಆ ಮಿತಿಯನ್ನೇ ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯೊಂದರ ಕೈಗೇ ಸುಮಾರು 1,200 ಸ್ಟೇಷನ್ ಬಂದವು. ಹಾಡಿನ ಪಟ್ಟಿ ದೂರದ ಮುಖ್ಯ ಕಚೇರಿಯಲ್ಲಿ ತಯಾರಾಗತೊಡಗಿತು. ಊರಿನ ಡಿಜೆಗೆ ಹಾಡು ಇಷ್ಟವಾದರೂ ಹಾಕುವ ಅಧಿಕಾರ ಇಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ? ಗಾಯಕರಿಗೂ ಕೇಳುಗರಿಗೂ ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಟೆಕ್ಸಾಸ್‌ನ ಆ್ಯರನ್ ವಾಟ್ಸನ್ ಅವರನ್ನೇ ನೋಡಿ. ಅವರೂ ಬಾರು, ಡ್ಯಾನ್ಸ್ ಹಾಲ್‌ಗಳಲ್ಲಿ ಹಾಡಿ ಬೆಳೆದವರು. ದೊಡ್ಡ ಕಂಪನಿ ಸೇರದೆ ಸ್ವಂತ ಲೇಬಲ್‌ನಲ್ಲೇ, ಅಂದರೆ ತಮ್ಮದೇ ರೆಕಾರ್ಡ್ ಕಂಪನಿಯಲ್ಲೇ ಹಾಡು ತಂದವರು. 2015ರಲ್ಲಿ ಅವರ 'ದಿ ಅಂಡರ್‌ಡಾಗ್' ಆಲ್ಬಂ ಬಿಲ್‌ಬೋರ್ಡ್ ಕಂಟ್ರಿ ಆಲ್ಬಂ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಕಾಸು ಕೊಟ್ಟು ಕೊಂಡ ಜನ ಇಷ್ಟು ಮಂದಿ ಇದ್ದರೂ ದೇಶದ ಕಂಟ್ರಿ ರೇಡಿಯೋ ಅವರನ್ನು ಬೇಗ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರ 'ಔಟ್ಟಾ ಸ್ಟೈಲ್' ಹಾಡು ರೇಡಿಯೋ ಪಟ್ಟಿಯ ಮೊದಲ ಹತ್ತರೊಳಗೆ ಸೇರುವಷ್ಟರಲ್ಲಿ, ಅವರ ಮೊದಲ ಆಲ್ಬಂ ಬಂದು ಹದಿನೈದು ವರ್ಷಕ್ಕೂ ಜಾಸ್ತಿ ಆಗಿತ್ತು.