ಮುಂದಿನ ಅಚ್ಚನ್ನೇ ತೆಗೆದುಹಾಕಿದ ಕ್ಯಾಡಿಲಾಕ್

ಎತ್ತಿನ ಗಾಡಿಯಂತೆ ಮೊದಲ ಕಾಲದ ಮೋಟಾರು ಕಾರಿಗೂ ಮುಂದೆ ಒಂದೇ ಅಚ್ಚು. ಗಟ್ಟಿ ಉಕ್ಕಿನ ತೊಲೆ, ಅದರ ಎರಡು ತುದಿಗೆ ಕಿಂಗ್ ಪಿನ್, ಆ ಪಿನ್ ಹಿಡಿದು ತಿರುಗುವ ಚಕ್ರಗಳು, ತೊಲೆಯ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್. ಈಗಲೂ ಲಾರಿಯ ಮುಂದೆ ಬಗ್ಗಿ ನೋಡಿದರೆ ಹೆಚ್ಚಾಗಿ ಇದೇ ಕಾಣುತ್ತದೆ. ರೋಲ್ಸ್ ರಾಯ್ಸ್, ಕ್ಯಾಡಿಲಾಕ್‌ನಂಥ ದುಬಾರಿ ಕಾರುಗಳ ಅಡಿಯಲ್ಲೂ ಇದ್ದದ್ದು ಇದೇ.

1920ರ ದಶಕದಲ್ಲಿ ಮುಂದಿನ ಚಕ್ರಕ್ಕೂ ಬ್ರೇಕ್ ಬಂತು. ಕಡಿಮೆ ಗಾಳಿಯ ದಪ್ಪ ಬಲೂನ್ ಟೈರೂ ಬಂತು. ಎರಡೂ ಒಳ್ಳೆಯವೇ, ಆದರೆ ತೊಂದರೆ ಜಾಸ್ತಿಯಾದದ್ದೂ ಇವುಗಳಿಂದಲೇ. ಚಕ್ರ ಭಾರವಾಯಿತು, ಟೈರು ಮೆತ್ತಗಾಯಿತು. ವೇಗದಲ್ಲಿ ಒಂದು ಚಕ್ರ ಉಬ್ಬು ಹತ್ತಿದರೆ ಸಾಕು, ಎರಡೂ ಗಡಗಡ ಅದುರತೊಡಗುತ್ತಿದ್ದವು. ಸ್ಟೀರಿಂಗ್ ಹಿಡಿದ ಕೈಯೂ ನಡುಗುತ್ತಿತ್ತು. ಇದನ್ನು ಶಿಮ್ಮಿ ಎನ್ನುತ್ತಿದ್ದರು.

ಯಾಕೆ ಹೀಗೆ? ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಅಚ್ಚಿನ ಎರಡು ತುದಿ ಹಿಡಿದುಕೊಳ್ಳಿ. ಯಾರಾದರೂ ಅದನ್ನು ಜೋರಾಗಿ ತಿರುಗಿಸಲಿ. ಈಗ ಸುಮ್ನೆ ಸ್ವಲ್ಪ ಓರೆ ಮಾಡಿ ನೋಡಿ. ಚಕ್ರ ನಿಮ್ಮ ಮಾತು ಕೇಳುವುದಿಲ್ಲ, ಎಡಕ್ಕೋ ಬಲಕ್ಕೋ ತಿರುಗಿಕೊಳ್ಳಲು ಎಳೆಯುತ್ತದೆ. ಕಾರಿನಲ್ಲೂ ಅಷ್ಟೇ. ಒಂದು ಚಕ್ರ ಮೇಲೆದ್ದರೆ ಇಡೀ ತೊಲೆ ಓರೆಯಾಗುತ್ತದೆ. ತೊಲೆಯ ಜೊತೆ ಎರಡೂ ಚಕ್ರ ಓರೆಯಾಗಿ ಪಕ್ಕಕ್ಕೆ ತಿರುಗುತ್ತವೆ. ಆ ತಿರುವು ಮತ್ತೆ ತೊಲೆಯನ್ನು ಓರೆ ಮಾಡುತ್ತದೆ. ಹೀಗೆ ಒಂದನ್ನೊಂದು ಕುಣಿಸುತ್ತಲೇ ಹೋಗುತ್ತವೆ.

ಆಗಿನ ಕಾರುಗಳಲ್ಲಿ ಮುಂದಿನ ಸ್ಪ್ರಿಂಗ್ ಬಹಳ ಬಿಗಿಯಾಗಿರುತ್ತಿತ್ತು. ಅದರಿಂದ ತೊಲೆಯೇನೋ ಹತೋಟಿಯಲ್ಲಿರುತ್ತಿತ್ತು. ಹಿಂದೆ ಕೂತವರು ಮಾತ್ರ ಮುಂದಕ್ಕೂ ಹಿಂದಕ್ಕೂ ತೂಗಾಡಬೇಕಿತ್ತು.

ರೋಲ್ಸ್ ರಾಯ್ಸ್‌ನ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಪಳಗಿದ ಎಂಜಿನಿಯರ್ ಮಾರಿಸ್ ಆಲಿ 1930ರಲ್ಲಿ ಕ್ಯಾಡಿಲಾಕ್ ಸೇರಿದರು. 1932ರಲ್ಲಿ ಅವರು ಒಂದು ದೊಡ್ಡ ಕಾರಿನ ಮುಂದೆ, ಹಿಂದೆ ಸರಿಸಬಹುದಾದ ತೂಕಗಳನ್ನು ಕಟ್ಟಿದರು. ತೂಕ ಸರಿಸುವುದು, ಸ್ಪ್ರಿಂಗ್ ಬದಲಿಸುವುದು, ಓಡಿಸಿ ನೋಡುವುದು. ಹಾಯಾಗಿದೆಯೋ ಇಲ್ಲವೋ ಎಂದು ಅಳೆಯಲು ಉಪಕರಣ ಇರಲಿಲ್ಲ. ಕೂತವರ ಮೈಗೆ ಏನನ್ನಿಸಿತೋ ಅದೇ ಅಳತೆ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಈ ಭಾಗ.

ಗೊತ್ತಾದದ್ದು ರೂಢಿಗೆ ಪೂರ್ತಿ ಉಲ್ಟಾ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿರಬೇಕು! ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ, ಅಲ್ವಾ? ತಡವಾಗಿ ಶುರುಮಾಡಿದ ಹಿಂಭಾಗ ಸ್ವಲ್ಪ ಚುರುಕಾಗಿ ಏರಿಳಿದರೆ ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ. ಆಗ ಕಾರು ತೂಗಾಡದೆ ಮಟ್ಟಸವಾಗಿ ಸಾಗುತ್ತದೆ.

ಇಲ್ಲೇ ಹಳೆಯ ಅಚ್ಚು ಅಡ್ಡ ಬಂತು. ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಶಿಮ್ಮಿ ಇನ್ನೂ ಜೋರು. ಬ್ರೇಕ್ ಒತ್ತಿದರೆ ಅಚ್ಚು ಹೊರಳಿ ಲೀಫ್ ಸ್ಪ್ರಿಂಗನ್ನೇ ತಿರುಚುತ್ತಿತ್ತು. ಅಚ್ಚನ್ನು ಎಷ್ಟು ತಿದ್ದಿದರೂ ಪ್ರಯೋಜನವಿರಲಿಲ್ಲ, ತೆಗೆಯಲೇಬೇಕಿತ್ತು.

1934ರ ಕ್ಯಾಡಿಲಾಕ್‌ನಲ್ಲಿ ಮುಂದಿನ ತೊಲೆ ಇಲ್ಲ. ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ತೋಳು, ಜೊತೆಗೆ ಸುರುಳಿ ಸ್ಪ್ರಿಂಗ್. ಒಂದು ಚಕ್ರ ಎದ್ದರೆ ಇನ್ನೊಂದಕ್ಕೆ ಅದರ ಗೊಡವೆಯಿಲ್ಲ. ಮೇಲಿನ ತೋಳು ಕೆಳಗಿನದಕ್ಕಿಂತ ಗಿಡ್ಡ. ಹಾಗಾಗಿ ಚಕ್ರ ಏರಿಳಿದರೂ ಟೈರು ನೆಲದ ಮೇಲೆ ಅಡ್ಡಡ್ಡ ಉಜ್ಜುವುದು ಕಡಿಮೆ. ಚಕ್ರಗಳನ್ನು ಬೇರೆ ಬೇರೆಯಾಗಿ ಬಿಡುವುದು ಹೊಸದೇನಲ್ಲ, ಇಟಲಿಯ ಲಾನ್ಸಿಯಾ ಲಾಂಬ್ಡಾ 1922ರಲ್ಲೇ ಬೇರೆ ರೀತಿಯಲ್ಲಿ ಮಾಡಿತ್ತು. ಆದರೆ ಈ ಎರಡು ತೋಳಿನ ಜೋಡಣೆ ಮುಂದೆ ಎಷ್ಟೋ ಕಾರುಗಳಿಗೆ ಬಂತು.

ಆಲಿ ಬಿಟ್ಟುಬಂದಿದ್ದ ರೋಲ್ಸ್ ರಾಯ್ಸ್ ಕೂಡ ಕ್ಯಾಡಿಲಾಕ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನ ಈ ಕೆಲಸವನ್ನೇ ಆಧಾರವಾಗಿಟ್ಟುಕೊಂಡು ತನ್ನ ಹೊಸ 12 ಸಿಲಿಂಡರಿನ ಫ್ಯಾಂಟಮ್ 3 ಕಾರಿನಿಂದ ಮುಂದಿನ ಅಚ್ಚನ್ನು ತೆಗೆದುಹಾಕಿತು. 1936ರಿಂದ ಗಿರಾಕಿಗಳ ಕೈ ಸೇರಿದ ಆ ಕಾರಿನಲ್ಲಿ ಸುರುಳಿ ಸ್ಪ್ರಿಂಗುಗಳನ್ನು ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಕೂರಿಸಿದ್ದರು.